ಕೆಂಪಿಗೆ ಜಾಸ್ತಿ

ಎರಡು ಕಾಗದ ಅಡುಗೆಮೇಜಿನ ಮೇಲೆ.
ಹಾರದಿರಲೆಂದು ಒಂದರ ಮೇಲೆ ಉಪ್ಪಿನ ಡಬ್ಬಿ,
ಇನ್ನೊಂದರ ಮೇಲೆ ವುಕಾಶಿನ್‌ನ ಮೊಣಕೈ.
ಗಾಳಿಯೇನೂ ಇಲ್ಲ ಇಲ್ಲಿ. ಕೂಬರ್ ಪೀಡಿಯಲ್ಲಿ
ನಮ್ಮ ಮನೆ ನೆಲದೊಳಗೆ; ಮೇಲೆ ನಲವತ್ತಾರು ಡಿಗ್ರಿ,
ಒಳಗೆ ಮಡಕೆಯ ಹೊಟ್ಟೆಯ ತಂಪು.

ಉಪ್ಪಿನ ಡಬ್ಬಿಯ ಕೆಳಗೆ ಐವತ್ತೆಂಟು ಸಾವಿರ ಡಾಲರ್.
ನಾಲ್ಕು ಚಕ್ರಕ್ಕೂ ಬಲ, ಹಿಂದೆ ಪಟ್ಟಿ ಸ್ಪ್ರಿಂಗು,
ಕತ್ತೆಯ ಹಾಗೆ ಹೊರುತ್ತದೆ, ಕತ್ತೆಯ ಹಾಗೇ ಒದೆಯುತ್ತದೆ.
ಮೊಣಕೈಯ ಕೆಳಗೆ ಎಂಬತ್ತೈದು.
ಅಗಲ ಎದೆ, ಎತ್ತರ ಕಾಲು,
ಹಾರಿ ಬಿದ್ದರೂ ಬೆಕ್ಕಿನಂತೆ ಇಳಿಸುವ ಶಾಕ್ ಅಬ್ಸಾರ್ಬರು,
ಎರಡು ಟರ್ಬೊ, ಸ್ಟಿಯರಿಂಗಿನ ಮೇಲೆ ಒಂದು ಗುಂಡಿ:
ಒತ್ತಿದರೆ ಮರಳುಗಾಡೇ ಓಟದ ಮೈದಾನವಂತೆ.

ವ್ಯತ್ಯಾಸ ಇಪ್ಪತ್ತೇಳು ಸಾವಿರ.
ನಾನು ಲೆಕ್ಕದವಳು. ಬರೆದೆ:
ಗಣಿಯ ಊದುಯಂತ್ರಕ್ಕೆ ನಾಲ್ಕು ವರ್ಷದ ಡೀಸೆಲ್.
ಅಥವಾ ಅವನ ಬಲಮಂಡಿ, ಅಡಿಲೇಡಿನ ಖಾಸಗಿ ಆಸ್ಪತ್ರೆಯಲ್ಲಿ, ಹೊಸದು.
ಅಥವಾ ಚಾಚಕ್‌ಗೆ ಹೋಗಿ ಅಕ್ಕನನ್ನು ನೋಡಿ ಬರುವುದು,
ಒಂಬತ್ತು ಸಲ.

ಇಷ್ಟಕ್ಕೂ ಓಡಿಸುವುದೆಲ್ಲಿ?
ನಮ್ಮ ಗಣಿಬಯಲಲ್ಲಿ ಮಾರಿಗೊಂದು ಬಾವಿ, ಕಟ್ಟೆಯಿಲ್ಲದ್ದು,
ತೊಂಬತ್ತು ಅಡಿ ಆಳ. ಬೋರ್ಡಿನಲ್ಲೇ ಬರೆದಿದೆ:
ಓಡಬೇಡಿ. ಹಿಮ್ಮುಖವಾಗಿ ನಡೆಯಬೇಡಿ.
ಇಪ್ಪತ್ತು ದಾಟಿದರೆ ನೆರೆಯ ಸ್ಪಿರೋಸ್ ಟೋಪಿ ಬೀಸಿ ಬಯ್ಯುತ್ತಾನೆ.
ಮುನ್ನೂರ ತೊಂಬತ್ತು ಕುದುರೆ ಕಟ್ಟಿಕೊಂಡು
ಇಪ್ಪತ್ತರಲ್ಲಿ ಹೋಗುವುದಕ್ಕೆ ಇದೇನು ಮದುವೆ ದಿಬ್ಬಣವೇ?
(ಸ್ಪಿರೋಸ್ ತಾನೇ ಎಂಬತ್ತೇಳರಲ್ಲಿ ದೋಣಿ ಕೊಂಡವನು.
ಕಡಲು ಇಲ್ಲಿಂದ ಇಡೀ ಹಗಲಿನ ಹಾದಿ.
ದೋಣಿಯಲ್ಲೀಗ ಅವನ ಕೋಳಿಗಳು ಮೊಟ್ಟೆ ಇಡುತ್ತವೆ.)

ಇದೆಲ್ಲ ಹೇಳಿದೆ. ಅವನು ಕೇಳಿದ.
ಕೇಳುವುದರಲ್ಲಿ ಅವನು ಮೊದಲಿಂದಲೂ ಒಳ್ಳೆಯವನು.

ಮಂಗಳವಾರ ಪೋರ್ಟ್ ಆಗಸ್ಟಾದಲ್ಲಿ ಓಡಿಸಿ ನೋಡಿದೆವು.
ಮಾರುವ ಹುಡುಗ ಹಿಂದೆ ಕೂತ,
ಬೆಲ್ಟನ್ನು ಎರಡು ಸಲ ಎಳೆದು ನೋಡಿಕೊಂಡ.
ಊರಾಚೆ ಜಲ್ಲಿದಾರಿ, ನೆರಿಗೆ ನೆರಿಗೆಯಾಗಿ ಎದ್ದದ್ದು.
ನಮ್ಮ ಹಳೆಯ ಗಾಡಿಯಲ್ಲಾದರೆ ಅಂಥ ದಾರಿ
ಹಲ್ಲಿಗೆ ಹಲ್ಲು ಕುಟ್ಟಿಸಿ ದೇವರ ಹೆಸರು ಹೇಳಿಸುತ್ತದೆ.
ಇದರಲ್ಲಿ ಏನೂ ಇಲ್ಲ. ಮಡಿಲಲ್ಲಿದ್ದ ಫ್ಲಾಸ್ಕು
ಒಂದು ಮಾತೂ ಆಡಲಿಲ್ಲ.
ಆಮೇಲೆ ದಿಬ್ಬ. ಆಮೇಲೆ ನೆಲ ಇರಲಿಲ್ಲ.
ಗಾಳಿಯಲ್ಲಿದ್ದಾಗ ಅರವತ್ತನಾಲ್ಕರ ಗಂಡಸು
ಗಂಟಲಿಂದ ಒಂದು ಸದ್ದು ಬಿಟ್ಟ. ನಗು ಅಂತಲೂ ಹೇಳಲಾರೆ.
ಹನ್ನೊಂದು ವರ್ಷ ಬರೀ ಮಣ್ಣು ತೋರಿಸಿದ ಗೋಡೆ
ಮಾರ್ಚಿನಲ್ಲಿ ಗುದ್ದಲಿಯ ತುದಿಗೆ
ಗಾಜಿನಂತೆ ಕಿರುಗುಟ್ಟಿದಾಗ ಬಿಟ್ಟಿದ್ದನಲ್ಲ,
ಅದೇ ಸದ್ದು.
ಲೆಕ್ಕದ ಪುಸ್ತಕದಲ್ಲಿ ಅದಕ್ಕೆ ಕಲಮು ಇಲ್ಲ.
ಹುಡುಗ ಮಾತ್ರ ಕಿಟಕಿಯಾಚೆ ತಲೆ ಹಾಕಿ
ಸ್ವಲ್ಪ ಕಾರಿಕೊಂಡ.

ರಾತ್ರಿ ನಿದ್ದೆ ಬರದೆ ಎದ್ದು ದೀಪ ಹಾಕಿದೆ.
ಮಾರದೆ ಉಳಿಸಿಕೊಂಡ ಎರಡು ಓಪಲ್, ಬಟ್ಟೆ ಬಿಚ್ಚಿದೆ.
ಒಂದೇ ಬಿರುಕಲ್ಲಿ ಹುಟ್ಟಿದ ಅಕ್ಕತಂಗಿ:
ಒಂದೇ ಮರಳು, ಒಂದೇ ನೀರು, ತೂಕವೂ ಒಂದೇ.
ಒಂದನ್ನು ತಿರುಗಿಸಿದರೆ ನೀಲಿ, ಹಸಿರು.
ಇನ್ನೊಂದರೊಳಗೆ ಒಂದು ಕೆಂಪು ಹೊರಳಿ ಮುಳುಗುತ್ತದೆ,
ರೆಪ್ಪೆ ಬಡಿಯುವಷ್ಟು ಹೊತ್ತು.
ಅಷ್ಟಕ್ಕೆ ಎಂಟು ಪಟ್ಟು ಬೆಲೆ.
ಹಾಂಗ್‌ಕಾಂಗಿನ ವ್ಯಾಪಾರಿ ಚೌಕಾಸಿಯಿಲ್ಲದೆ ಎಣಿಸುತ್ತಾನೆ.
ಆ ಕೆಂಪು ಯಾವ ಭಾರ ಎಳೆಯುತ್ತದೆ? ಯಾರ ಹೊಟ್ಟೆ ತುಂಬಿಸುತ್ತದೆ?
ನಮ್ಮದು. ಮೂವತ್ತೆಂಟು ವರ್ಷದಿಂದ.
ಬೇಡದ್ದಕ್ಕೆ ಹೆಚ್ಚು ತೆರುವವರ ಉಪ್ಪು ತಿಂದವಳು
ಇನ್ನೊಬ್ಬರ ಆಸೆಯನ್ನು ಯಾವ ಮುಖ ಇಟ್ಟುಕೊಂಡು ತೂಗಲಿ?

ಆದರೂ ಮಂಡಿ ಮಂಡಿಯೇ.
ಮಗ್ಗುಲಾದಾಗ ಅದು ಕಿರುಗುಟ್ಟುವುದು
ನನಗೆ ಕೇಳಿಸುತ್ತದೆ, ಅವನಿಗಲ್ಲ.

ಬೆಳಿಗ್ಗೆ ಉಪ್ಪಿನ ಡಬ್ಬಿ ಎತ್ತಿ ಕಪಾಟಿಗಿಟ್ಟೆ.
ಕೆಳಗಿನ ಕಾಗದ ಹಾರಲಿಲ್ಲ; ಹೇಳಿದೆನಲ್ಲ, ಗಾಳಿಯಿಲ್ಲ.
ವುಕಾಶಿನ್ ಬಂದ. ಎರಡನ್ನೂ ನೋಡಿದ, ನನ್ನನ್ನು ನೋಡಿದ,
ಮೊಣಕೈ ಎಲ್ಲಿಡಬೇಕೆಂದು ತಿಳಿಯದೆ ನಿಂತ.
ತಾಮ್ರದ ಪಾತ್ರೆಯಿಂದ ಕಾಫಿ ಬಗ್ಗಿಸುತ್ತ
ಕೇಳಿದೆ: ಅದರ ಟೈರು
ಒಂದಕ್ಕೆ ಎಷ್ಟಂತೆ?